ದಾಸ್ತಾನಿಗೆ ಸೇರಿದ ಫೋನು

ಶಾಲೆಯಲ್ಲಿ ಉಪಯೋಗಿಸುವ ಯಾವುದೇ ವಸ್ತುವಿನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಶಾಲೆಯ ಹೆಸರೂ ದಾಸ್ತಾನು ಸಂಖ್ಯೆಯೂ ಇರತಕ್ಕದ್ದು. ಇಲ್ಲದಿದ್ದರೆ ಆ ವಸ್ತು ಇದ್ದೂ ಇಲ್ಲದಂತೆ. ಬೆಂಚು, ಗ್ಲೋಬು, ಬಿಸಿಯೂಟದ ಸೌಟು, ಎಲ್ಲವೂ ಈ ನಿಯಮಕ್ಕೆ ತಲೆಬಾಗಿವೆ. ಕುರುಗೋಡಿನ ಆಚೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಾತ್ರ ಒಂದು ವಸ್ತು ಬಣ್ಣ ಸೋಕಿಸಿಕೊಳ್ಳದೆ ರಾಜಾರೋಷವಾಗಿ ಪಾಠ ಮಾಡುತ್ತಿತ್ತು. ಅದು ಗಣಿತದ ಟೀಚರ್ ಸುಧಾರಾಣಿಯ ಫೋನಿನಲ್ಲಿದ್ದ ಒಂದು ಉಚಿತ ಆ್ಯಪ್.

ಅದರ ಕೆಲಸ ಸರಳ. ಪ್ರತಿ ಮಗುವಿನ ಕೈಯಲ್ಲೂ ಒಂದು ಚೌಕದ ರಟ್ಟು. ಟೀಚರ್ ಪ್ರಶ್ನೆ ಕೇಳಿದಾಗ ತಮಗೆ ಸರಿ ಕಂಡ ಉತ್ತರದ ಬದಿಯನ್ನು ಮೇಲೆ ಮಾಡಿ ಎತ್ತಬೇಕು. ಫೋನಿನ ಕ್ಯಾಮೆರಾವನ್ನು ಒಮ್ಮೆ ಅತ್ತಿತ್ತ ಆಡಿಸಿದರೆ ಯಾರದು ಸರಿ, ಯಾರದು ತಪ್ಪು ಎಂದು ಟೀಚರಿಗೆ ಮಾತ್ರ ತಿಳಿಯುತ್ತದೆ. ಏಳನೇ ತರಗತಿಯವರು ಭಿನ್ನರಾಶಿ ಅಂದರೆ ನೆಲ ನೋಡುತ್ತಿದ್ದ ಮಕ್ಕಳು. ತಪ್ಪಿದರೆ ನಗುವವರಿಲ್ಲ ಎಂದು ಖಾತ್ರಿಯಾದ ಮೇಲೆ ರಟ್ಟು ಎತ್ತತೊಡಗಿದರು. ಐದನೇ ತರಗತಿಯಿಂದಲೂ ಬಾಯಿ ಬಿಡದಿದ್ದ ಸೌಂದರ್ಯ ಎಂಬ ಹುಡುಗಿ ಒಂದು ದಿನ ಎದ್ದು ನಿಂತು, "ಟೀಚರ್, ನಂದು ಯಾಕ ತಪ್ಪಾತ್ರಿ?" ಎಂದು ಕೇಳಿಯೇ ಬಿಟ್ಟಳು. ಸುಧಾರಾಣಿಗೆ ಕಣ್ಣು ತುಂಬಿ ಬಂತು. ವಾರ್ಷಿಕ ಪರೀಕ್ಷೆಯೊಳಗೆ ಇಡೀ ತರಗತಿಗೆ ಭಿನ್ನರಾಶಿ ಕಲಿಸಿಯೇ ತೀರುತ್ತೇನೆ ಎಂದು ನಿಶ್ಚಯಿಸಿದಳು. ಅವಳು ಮಾಡಿದ ತಪ್ಪೆಂದರೆ ಇಷ್ಟೇ.

ಸುದ್ದಿ ಬಳ್ಳಾರಿಯ ಉಚಿತ ಡಿಜಿಟಲ್ ಸಾಧನಗಳ ಅನುಷ್ಠಾನ ಕೋಶಕ್ಕೆ ಮುಟ್ಟಿತು. ಕೋಶಕ್ಕೆ ಜೀಪು ಬಂದಿತ್ತು, ಎಸಿ ಬಂದಿತ್ತು, ಮುಖ್ಯಸ್ಥರಾದ ಪವಮಾನ ಅವರಿಗೆ ತಿರುಗುವ ಕುರ್ಚಿಯೂ ಬಂದಿತ್ತು. ಸಾಧನ ಬಳಸುವ ಶಿಕ್ಷಕರು ಮಾತ್ರ ಒಬ್ಬರೂ ಸಿಕ್ಕಿರಲಿಲ್ಲ. ಸಾಧನ ಉಚಿತವಾದ್ದರಿಂದ ಅದರಲ್ಲಿ ತಿನ್ನಲು ಬರುವಂತಿರಲಿಲ್ಲ. ಹಾಗಾಗಿ ಕೋಶವು ಅದರ ಸುತ್ತಮುತ್ತ ತಿನ್ನುತ್ತಿತ್ತು. ರಟ್ಟು ಅಚ್ಚು ಹಾಕಿಸುವುದು ಪವಮಾನರ ಭಾವಮೈದುನನ ಪ್ರೆಸ್ಸಿನಲ್ಲಿ, ತರಬೇತಿಯ ಊಟ ಅವರ ಷಡ್ಡಕನ ಖಾನಾವಳಿಯಿಂದ.

ಪವಮಾನ ಅವರು ಜೀಪಿನಲ್ಲಿ ಬಂದು, ಪಾಠ ನೋಡಿ, ತುಂಬ ಸಂತೋಷಪಟ್ಟರು. ಆಮೇಲೆ ಈ ಆ್ಯಪಿನ ದಾಸ್ತಾನು ಸಂಖ್ಯೆ ಎಷ್ಟು ಎಂದು ಕೇಳಿದರು. ಮುಖ್ಯಗುರು ಜಡೆಪ್ಪ ಅವರ ಮುಖ ಬಿಳಿಚಿಕೊಂಡಿತು. ಆ್ಯಪಿಗೆ ಬಣ್ಣ ಹಚ್ಚಲು ಬರುವುದಿಲ್ಲ ಎಂದು ಅವರು ಕೈ ಮುಗಿದು ವಿವರಿಸಿದರು. ಪವಮಾನ ಅವರು ಒಂದು ಚಹಾ ಮುಗಿಯುವಷ್ಟು ಹೊತ್ತು ಯೋಚಿಸಿದರು. ವಾರದೊಳಗೆ ಪ್ರಕಟಣೆ ಬಂತು:

"ಬಣ್ಣ ಬಳಿಯಲು ಬಾರದ ಉಚಿತ ಸಾಧನವು ಯಾವ ವಸ್ತುವಿನೊಳಗೆ ವಾಸವಾಗಿರುವುದೋ ಆ ವಸ್ತುವನ್ನೇ ಸದರಿ ಸಾಧನವೆಂದು ಭಾವಿಸತಕ್ಕದ್ದು. ವಸ್ತುವಿನ ಮಾಲೀಕರ ಭಾವನೆಗಳನ್ನು ಪರಿಗಣಿಸತಕ್ಕದ್ದಲ್ಲ."

ಜಡೆಪ್ಪ ಅವರ ಅಕ್ಷರ ದುಂಡು, ಕೈ ಧಾರಾಳ. ಬೆಂಚಿಗೆ ಬರೆಯುವ ಕುಂಚದಲ್ಲೇ ಫೋನಿನ ಬೆನ್ನಿಗೆ ಬರೆದರು. ಶಾಲೆಯ ಹೆಸರು ಉದ್ದ, ಫೋನು ಗಿಡ್ಡ. ಕೊನೆಯ ಅಕ್ಷರಗಳು ಕ್ಯಾಮೆರಾದ ಮೇಲೆಯೇ ಕುಳಿತವು. ಫೋನಿಗೆ ಕಣ್ಣು ಕಾಣದಾಯಿತು.

ಸುಧಾರಾಣಿ ಉಗುರಿನಿಂದ ಕೆರೆಯಲು ಹೋದಳು. ಜಡೆಪ್ಪ ಅವರು ಮೆಲ್ಲಗೆ ಕೈ ಹಿಡಿದು ತಡೆದರು.

"ದಾಸ್ತಾನಿನ ಬಣ್ಣ ಕೆರದ್ರ ಕೇಸ್ ಆಗತೈತ್ರಿ ಮೇಡಂ."

"ಸರ್, ಫೋನ್ ನಂದ್ರಿ. ನಾನ ತಗೊಂಡಿದ್ದು."

"ಫೋನ್ ನಿಮ್ದ ಇರಬೌದ್ರಿ. ಬಣ್ಣ ಸಾಲಿದು ಐತಲ್ಲ."

ಸುಧಾರಾಣಿ ಫೋನು ಕೊಂಡ ರಸೀದಿ ತಂದು ತೋರಿಸಿದಳು. ಆದರೆ ಖಾಸಗಿ ರಸೀದಿಗೆ ಯಾವ ನಿಯಮದಲ್ಲೂ ಅವಕಾಶವಿರಲಿಲ್ಲ. ಅಂದಿನಿಂದ ಫೋನು ಶಾಲೆಯ ಬೀರುವಿನಲ್ಲಿ ಬೀಗದೊಳಗೆ ಮಲಗಿತು. ಮನೆಯವರು ಕರೆ ಮಾಡಿದರೆ ಜಡೆಪ್ಪ ಅವರೇ ಎತ್ತಿ, ದಾಸ್ತಾನು ಸುರಕ್ಷಿತವಾಗಿದೆ ಎಂದು ತಿಳಿಸುತ್ತಿದ್ದರು.

ಇನ್ನು ಕಪ್ಪು ಹಲಗೆಯ ಮೇಲೆಯೇ ಕಲಿಸೋಣ ಎಂದು ಸುಧಾರಾಣಿ ಸೀಮೆಸುಣ್ಣ ಹಿಡಿದಳು. ಅಷ್ಟರಲ್ಲಿ ಎರಡನೇ ಆದೇಶ ಬಂತು. ಜಿಲ್ಲೆಯಲ್ಲಿ ಉಚಿತ ಸಾಧನ ಬಳಸಿದ ಏಕೈಕ ಶಿಕ್ಷಕಿಯಾದ್ದರಿಂದ ಅವಳನ್ನು ಸಿರುಗುಪ್ಪದ ತರಬೇತಿ ಕೇಂದ್ರಕ್ಕೆ ನಿಯೋಜಿಸಲಾಗಿತ್ತು. ಅವಳು ಬಳ್ಳಾರಿಗೆ ಹೋಗಿ, ಪರೀಕ್ಷೆ ಮುಗಿಯುವವರೆಗಾದರೂ ಮಕ್ಕಳ ಜೊತೆ ಬಿಡಿ ಎಂದು ಬೇಡಿಕೊಂಡಳು. ಪವಮಾನ ಅವರು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ, "ನೀವು ಹೋಗ್ರಿ ಮೇಡಂ, ಫೋನ್ ಐತಲ್ಲ ಅಲ್ಲಿ," ಎಂದರು.

ಸಿರುಗುಪ್ಪದಲ್ಲಿ ಅವಳು ರಟ್ಟಿನ ಫೋನೊಂದನ್ನು ಹಿಡಿದು ಶಿಕ್ಷಕರಿಗೆ ಕ್ಯಾಮೆರಾ ಆಡಿಸುವುದನ್ನು ಕಲಿಸುತ್ತಿದ್ದಾಳೆ. ಶಿಕ್ಷಕರು ಊಟದ ಗಂಟೆಯವರೆಗೆ ಶ್ರದ್ಧೆಯಿಂದ ಕೇಳುತ್ತಾರೆ. ತಮ್ಮ ಫೋನನ್ನು ಮಾತ್ರ ಯಾರೂ ಹೊರಗೆ ತೆಗೆಯುವುದಿಲ್ಲ. ಬಾಗಿಲಲ್ಲಿ ಬಣ್ಣದ ಡಬ್ಬಿ ಕಾಣುತ್ತಿರುತ್ತದೆ.

ಇತ್ತ ಗಣಿತದ ಪೀರಿಯಡ್ ಬಂದರೆ ಜಡೆಪ್ಪ ಅವರು ಫೋನನ್ನು ತಂದು ಟೀಚರ ಕುರ್ಚಿಯ ಮೇಲೆ ಇಡುತ್ತಾರೆ. ಮಕ್ಕಳು ಎದ್ದು ನಮಸ್ತೆ ಹೇಳುತ್ತಾರೆ. ಫೋನು ಕೂತುಕೊಳ್ಳಿ ಅನ್ನದ ಕಾರಣ ಮೊದಲ ದಿನ ಗಂಟೆ ಹೊಡೆಯುವವರೆಗೂ ನಿಂತೇ ಇದ್ದರು. ಆಮೇಲೆ ಫೋನಿನ ಪರವಾಗಿ ಮಕ್ಕಳನ್ನು ಕೂರಿಸುವ ಅಧಿಕಾರವನ್ನು ಜಡೆಪ್ಪ ಅವರು ಬಳ್ಳಾರಿಯಿಂದ ತರಿಸಿಕೊಂಡರು. ಮಕ್ಕಳು ರಟ್ಟು ಎತ್ತುತ್ತಾರೆ, ಇಳಿಸುತ್ತಾರೆ. ಕುರುಡು ಫೋನು ಯಾರ ಉತ್ತರವನ್ನೂ ತಪ್ಪು ಅನ್ನುವುದಿಲ್ಲ. ಈ ಟೀಚರ್ ರಜೆ ಹಾಕುವುದಿಲ್ಲ, ಹೊಡೆಯುವುದಿಲ್ಲ ಎಂದು ತಂದೆತಾಯಿಗಳೂ ಸಮಾಧಾನವಾಗಿದ್ದಾರೆ.

ಮೊನ್ನೆ ಪವಮಾನ ಅವರು ಸಿರುಗುಪ್ಪಕ್ಕೆ ಬಂದು ತುಂಬಿದ ಸಭೆಯಲ್ಲಿ ಈ ಸಾಧನೆಯನ್ನು ವರ್ಣಿಸಿದರು. ತಾವು ಶಾಲೆಗೆ ಭೇಟಿ ಕೊಟ್ಟಾಗ ಒಬ್ಬ ಹುಡುಗಿ ಎದ್ದು ನಿಂತು, ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟು ಎಂದು ಫೋನನ್ನು ಕೇಳಿದಳಂತೆ. ಪೀರಿಯಡ್ ಮುಗಿಯುವವರೆಗೂ ಅದರ ಮುಂದೆ ಕಾದು ನಿಂತಳಂತೆ. ಪ್ರಶ್ನೆ ಕೇಳುವುದು ಸಾಧನದ ಕೆಲಸವೇ ಹೊರತು ಮಕ್ಕಳದಲ್ಲ ಎಂದು ತಾವು ತಿಳಿಸಿ ಹೇಳಿದ ಮೇಲೆ ಕುಳಿತಳು, ಆಮೇಲೆ ಬಾಯಿ ಬಿಟ್ಟಿಲ್ಲ, ಈಗ ಆ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ ಎಂದು ಅವರು ಹೆಮ್ಮೆಯಿಂದ ಹೇಳಿದರು.

ಸಭೆ ಚಪ್ಪಾಳೆ ತಟ್ಟಿತು. ಹುಡುಗಿಯ ಹೆಸರನ್ನು ಅವರು ಹೇಳಲಿಲ್ಲ, ಸುಧಾರಾಣಿ ಕೇಳಲೂ ಇಲ್ಲ. ಎಲ್ಲರೂ ತನ್ನ ಕಡೆ ನೋಡುತ್ತಿರುವುದು ಗೊತ್ತಾಗಿ, ರಟ್ಟಿನ ಫೋನನ್ನು ಮೇಜಿನ ಮೇಲಿಟ್ಟು, ಅವಳೂ ತಟ್ಟಿದಳು.