ದೊಡ್ಡಪ್ಪನ ಕಾಣಬಾರದ ಜೀಪು

ಬ್ಯಾರೆಯವರ ಮನ್ಯಾಗ ವರ್ಷಕ್ಕ ಒಮ್ಮೆ ಆಗೂವಂಥಾ ಎಡವಟ್ಟು ನಮ್ಮ ದೊಡ್ಡಪ್ಪ ಇದ್ದಲ್ಲಿ ವಾರಕ್ಕ ಎರಡ ಸಲ ಆಗ್ತೈತಿ. ನಾ ಮಾತಾಡೂದು ಕಡಿಮಿ. ಕ್ಲಾಸಿನ್ಯಾಗ ಹಾಜರಿ ಹೇಳಾಕ ಬಾಯಿ ತಗದ್ರ ಅವತ್ತಿನ ಮಾತು ಮುಗೀತು. ಆದ್ರ ಇದನ್ನ ಯಾರರ ಒಬ್ರು ಹೇಳಬೇಕಲ್ಲ.

ದೊಡ್ಡಪ್ಪ ಮಿಲಿಟರಿಯೊಳಗ ಕರ್ನಲ್ ಆಗಿ ರಿಟೈರ್ ಆದವ್ರು. ಆಮ್ಯಾಲೆ ಬೆಂಗಳೂರಿನ ಒಂದು ಕಂಪನಿಗೆ ಸಾಹೇಬ್ರಾಗಿ ಸೇರಿದ್ರು. ಜೀಪು, ತೋಪು ಶತ್ರುಗಳ ಕ್ಯಾಮರಾಕ್ಕ ಕಾಣದಂಗ ಮುಚ್ಚೂ ಹೊದಿಕಿ ಮಾಡೂ ಕಂಪನಿ ಅದು. ನೇಯಾಕ ನಮ್ಮೂರು ಬೆಟಗೇರಿಯವರಷ್ಟು ಚಲೋ ಕೈ ಎಲ್ಲೂ ಇಲ್ಲಂತ ಹಟಾ ಹಿಡದು, ಇಲ್ಲೇ ಶೆಡ್ ಹಾಕಿಸಿ, ಮಗ್ಗ ನಿಂತು ಸುಮ್ಮನ ಕುಂತಿದ್ದ ಹನ್ನೆರಡು ಮಂದಿ ನೇಕಾರರನ್ನ ಕರಕೊಂಡ್ರು. ಕಂಪನಿಯವರು ಒಂದ ಮಾತು ಹೇಳಿದ್ರು. ಸೈನ್ಯದವರ ಪರೀಕ್ಷಾದಾಗ ಹೊದಿಕಿ ಪಾಸಾದ್ರ ಶೆಡ್ ಇರತೈತಿ, ಫೇಲಾದ್ರ ಕೀಲಿ.

೧. ಎತ್ತರದ ಪ್ರಕಾರ ಸಾಲು

ಮೊದಲನೇ ದಿನ ಮುಂಜಾನೆ ಆರಕ್ಕ ಬರ್ರಿ ಅಂದಿದ್ರು. ದೊಡ್ಡಪ್ಪ ಐದೂ ಮುಕ್ಕಾಲಕ್ಕ ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಲದಾಗ ನಿಂತ್ರು. ನೇಕಾರರು ಚಾ ಕುಡದು, ಎಲಿ ಅಡಿಕಿ ಹಾಕ್ಕೊಂಡು, ದಾರ್ಯಾಗ ಸಿಕ್ಕವರನ್ನ ಮಾತಾಡಿಸಿ ಬರೂದ್ರಾಗ ಏಳೂವರಿ ಆತು. ದೊಡ್ಡಪ್ಪ ಸಿಟ್ಟು ನುಂಗಿ ಎಲ್ಲಾರನ್ನೂ ಎತ್ತರದ ಪ್ರಕಾರ ಸಾಲಿಗೆ ನಿಲ್ಲಿಸಿ, ಶಿಸ್ತು ಅಂದ್ರೇನು ಅಂತ ಅರ್ಧಾ ತಾಸು ಹೇಳಿದ್ರು. ದಿನಾ ಹಿಂಗ ನಿಂತ ಮ್ಯಾಲೇ ಕೆಲಸ ಅಂದ್ರು.

ಸಾಲಿನ ಕಡೀಕ ನಿಂತಿದ್ದ ಎಲ್ಲಾರ್ಕಿಂತ ಹಿರೇ ನೇಕಾರ ಅಜ್ಜಾರು ಭಾಳ ಮರ್ಯಾದಿಲೆ ಹೇಳಿದ್ರು, "ಸಾಹೇಬ್ರ, ನಿಮ್ಮ ಬಂದೂಕು ನಿಂತ್ರ ನಡೀತೈತಿ. ನಮ್ಮ ಮಗ್ಗದ ಲಾಳಿ ಕುಂತ್ರನ ಓಡೂದ್ರಿ."

ಮರುದಿನದಿಂದ ನಮ್ಮ ಶೆಡ್ಡಿನ್ಯಾಗ ಶಿಸ್ತು ಕುಂತು ನಡೀತು.

೨. ಯಾವೂರ ಮಣ್ಣು

ಅರಿವಿಗೆ ಬಣ್ಣ ಹಾಕಾಕ ಲಕ್ಷ್ಮೇಶ್ವರದಿಂದ ಬಣ್ಣದ ಚಾಚಾ ಬಂದ್ರು. ದೊಡ್ಡಪ್ಪ ಕಂಪನಿಯ ಬಣ್ಣದ ಕಾರ್ಡ್ ಮುಂದಿಟ್ಟು, ಮಣ್ಣಿನ ಬಣ್ಣ ಬೇಕು ಅಂದ್ರು. ಚಾಚಾ ಕಾರ್ಡ್ ತಿರುವಿ ತಿರುವಿ ನೋಡಿ, ಯಾವೂರ ಮಣ್ಣು ಅಂತ ಕೇಳಿದ್ರು. ಮಿಲಿಟರಿ ಮಣ್ಣು ಅಂತ ದೊಡ್ಡಪ್ಪ. ಅಂಥಾ ಊರ ಇಲ್ಲ ಅಂತ ಚಾಚಾ. ಅಡರಕಟ್ಟಿ ಕರೇ ಎರಿ ಬ್ಯಾರೆ, ಶಿರಹಟ್ಟಿ ಕೆಂಪು ಬ್ಯಾರೆ, ಕಾರ್ಡಿನ್ಯಾಗ ಇರೂದು ಯಾರ ಹೊಲದಾಗೂ ಇಲ್ಲ ಅಂತ ಒಂದ ತಾಸು ವಾದ ನಡೀತು.

ಕಡೀಕ ಚಾಚಾ ಸೈಕಲ್ ಮೋಟರ್ ಮ್ಯಾಲೆ ಊರೂರು ಅಡ್ಡಾಡಿ ಮಣ್ಣಿನ ಪುಡಕಿ ಕಟ್ಟಿ ತಂದು, ಅದನ್ನ ನೋಡಿ ನೋಡಿ ಬಣ್ಣ ಕುದಿಸಿದ್ರು. ಅಡರಕಟ್ಟಿ ಬಣ್ಣ ಕುಡಿಸಿದ ಇಪ್ಪತ್ತು ಮೊಳ ಅರಿವೀನ ಅಡರಕಟ್ಟಿ ಹೊಲದಾಗನ ಒಣಗಾಕ ಹಾಸಿ, ಚಾ ಕುಡ್ಯಾಕ ಹೋದ್ರು. ಸಂಜಿಮಟ ಅವರ ಖಬರ ಇಲ್ಲ. ಹೊತ್ತು ಮುಣಗೂ ಮುಂದ ಫೋನ್ ಬಂತು.

"ಸಾಹೇಬ್ರ, ಬಣ್ಣ ಖರೇನ ಪಾಸಾತ್ರಿ. ಅರಿವಿ ಸಿಗವಲ್ದು."

೩. ಯಳವತ್ತಿ ದಿಬ್ಬ

ದೊಡ್ಡ ಪರೀಕ್ಷಾಕ್ಕಿಂತ ಮೊದಲ ನಮ್ಮದ ಒಂದು ಸಣ್ಣ ಪರೀಕ್ಷಾ ಆಗ್ಲಿ ಅಂತ ದೊಡ್ಡಪ್ಪ ನನ್ನ ಯಳವತ್ತಿಗೆ ಕರಕೊಂಡು ಹೋದ್ರು. ಹೊಲದಾಗ ಎಲ್ಲೋ ಜೀಪು ಮುಚ್ಚಿಟ್ಟೈತಿ, ಡ್ರೈವರ್ ಒಳಗ ಅದಾನ, ಸಿಕ್ಕಕೂಡ್ಲೆ ಜೋರಾಗಿ ಕೂಗು ಅಂದ್ರು. ಕೂಗೂದಂದ್ರ ನನ್ನ ಕೈಲೆ ಆಗೂ ಕೆಲಸ ಅಲ್ಲ. ಸಿಗದಿದ್ರ ಸಾಕು ಅನಕೋತ ಅರ್ಧಾ ತಾಸು ಅಡ್ಡಾಡಿದೆ. ಸಿಗಲಿಲ್ಲ. ಬದುವಿನ ಹಂತ್ಯಾಕ ಒಂದು ದಿಬ್ಬ ಕಂಡ್ತು, ಅದಕ್ಕ ಒರಗಿ ಕುಂತು ಪುಸ್ತಕ ತಗದೆ.

ಮೂರನೇ ಅಧ್ಯಾಯದಾಗ ದಿಬ್ಬ ಕೆಮ್ಮಿತು. ಕಥಿ ರಂಗಕ್ಕ ಬಂದಿತ್ತು, ನಾ ಹಾಳಿ ತಿರುವಿದೆ.

ದಿಬ್ಬ ಮತ್ತ ಕೆಮ್ಮಿ, "ತಂಗಿ, ನೀ ಬಾಗಲಕ್ಕ ಒರಗಿ ಕುಂತೀ. ನನಗ ಒಂದಕ್ಕ ಹೋಗಬೇಕಾಗೈತಿ, ಸ್ವಲ್ಪ ಸರಿಯವಾ" ಅಂತು.

೪. ಹಮ್ಮಿಗಿ ಹೊಳಿದಂಡಿ

ಸೈನ್ಯದವರು ಪರೀಕ್ಷಾಕ್ಕ ಮುಂಡರಗಿ ತಾಲೂಕಿನ ಹಮ್ಮಿಗಿ ಹೊಳಿದಂಡಿ ಆರಿಸಿದ್ರು. ಅವರ ಡ್ರೋನ್ ಮ್ಯಾಲಿಂದ ಹುಡುಕತೈತಿ, ಒಂದು ತಾಸಿನ್ಯಾಗ ಜೀಪು ಸಿಗಬಾರದು, ಇಷ್ಟ ಶರತ್ತು. ಅದರ ಹಿಂದಿನ ವಾರ ದೊಡ್ಡಪ್ಪ ಬೆಂಗಳೂರಾಗಿದ್ರು. ಇದು ಗುಪ್ತ ಮಾಲು, ಬಣ್ಣ ಹಾಕಿದ ನೂಲಿಲೆ ನೇದು ಹೊಲದು ಗಂಟು ಕಟ್ಟಿ ಸೀಲ್ ಹಾಕ್ರಿ, ಹೊಳಿದಂಡಿಗೆ ಹೋಗೂತನಕ ಯಾರೂ ಬಿಚ್ಚಬ್ಯಾಡ್ರಿ ಅಂತ ಅವರದ ಹುಕುಂ.

ಪರೀಕ್ಷಾದ ದಿನ ಒಂದು ತಗ್ಗಿನ್ಯಾಗ ಜೀಪು ನಿಲ್ಲಿಸಿ ಗಂಟು ಬಿಚ್ಚಿದ್ವಿ. ಮಣ್ಣಿನ ಬಣ್ಣದ ನಾಕು ಪಟ್ಟಿ ಜೋಡಿಸಿ ಹೊಲದ ಹೊದಿಕಿ. ಒಂದೊಂದು ಪಟ್ಟಿಗೂ ಎರಡೂ ಕಡೆ ಅಂಚಿಗೆ ನಾಕ ಬೆರಳಗಲ ಕೆಂಪು ದಡಿ.

ದೊಡ್ಡಪ್ಪ ದಡೀನ ಬೆರಳಿಲೆ ಮುಟ್ಟಿ ನೋಡಿದ್ರು. ಆಮ್ಯಾಲೆ ಸಣ್ಣ ದನಿಲೆ ಕೇಳಿದ್ರು, "ಅಜ್ಜಾರ, ಇದೇನ್ರಿ?"

"ದಡಿ ಇಲ್ಲದ ಅರಿವಿ ನಾ ಜೀವಮಾನದಾಗ ಯಾರ ಕೈಯಾಗೂ ಕೊಟ್ಟಿಲ್ರಿ," ಅಂದ್ರು ಅಜ್ಜಾರು. "ಮೊದಲಿನವು ಬರೇ ನೋಡಾಕ ಅಂದ್ರಿ, ಸುಮ್ಮನಿದ್ದೆ. ಇದು ದೊಡ್ಡ ಮಂದಿ ಮುಂದ ಹೋಗೂದು. ಬೋಳಾಗಿ ಹೆಂಗ ಕಳಸೂದು?"

ಕತ್ತರಿಸೂನಂದ್ರ ಕಟ್ಟೂ ಹಗ್ಗ ಎಲ್ಲಾ ದಡಿಗೇ ಹೊಲದಿದ್ರು. ಅಷ್ಟ್ರಾಗ ಸೈನ್ಯದವರ ಗಾಡಿ ಧೂಳ ಕಾಣಸ್ತು. ದೊಡ್ಡಪ್ಪ ನೇಕಾರರ ಮುಖಾ ಒಂದೊಂದಾಗಿ ನೋಡಿ, ಹಾಸ್ರಿ ಅಂದ್ರು.

ಡ್ರೋನ್ ಹಾರಿತು. ಒಬ್ಬ ಹರೇದ ಮೇಜರ್ ಪರದೆ ನೋಡ್ಕೋತ ಕುಂತ, ನಾ ಅವನ ಬೆನ್ನ ಹಿಂದ. ಹತ್ತ ನಿಮಿಷಕ್ಕ ಕೆಂಪು ದಡಿ ಹಾಡಾಹಗಲ ನಿಚ್ಚಳ ಬಂತು. ದೊಡ್ಡಪ್ಪ ಕಣ್ಣು ಮುಚ್ಚಿದ್ರು. ಮೇಜರನ ಕಿವಿ ಕೆಂಪಾದ್ವು. ಡ್ರೋನ್ ಹಾರಸೂ ಸಿಪಾಯಿಗೆ ಹಿಂದಿಯೊಳಗ ಹೇಳಿದ, ಅಲ್ಲಿ ಹೆಣ್ಮಕ್ಕಳು ಸೀರಿ ಒಣಹಾಕ್ಯಾರ, ಹತ್ತಿರನ ಜಳಕಾ ಮಾಡ್ತಿರಬೇಕು, ಆ ಕಡೆ ಕ್ಯಾಮರಾ ಒಯ್ಯಬ್ಯಾಡ. ಉಳದ ಐವತ್ತು ನಿಮಿಷ ಡ್ರೋನ್ ಕಬ್ಬಿನ ಹೊಲ, ಬಣವಿ, ಎಮ್ಮಿ ಮೈ ತೊಳಿಯೂ ಜಾಗ ಎಲ್ಲಾ ಹುಡುಕಿತು, ಆ ತಗ್ಗಿನ ಕಡೆ ಮುಖಾ ಹಾಕಲಿಲ್ಲ.

ತಾಸು ಮುಗೀತು. ದೊಡ್ಡಪ್ಪ ತಾವ ಎಲ್ಲಾರನ್ನೂ ಕರಕೊಂಡು ಹೋಗಿ ಹೊದಿಕಿ ಎಳದು, ಈ ದಡಿ ನಾವು ಬೇಕಂತ ಮಾಡಿದ್ದಲ್ಲ, ನಮ್ಮದ ತಪ್ಪು ಅಂತ ಒಪ್ಪಿಕೊಂಡ್ರು. ಅವರ ಹಿರೇ ಅಧಿಕಾರಿ ನಕ್ಕು ನಕ್ಕು ಜೀಪಿನ ಮ್ಯಾಲೇ ಕುಂತುಬಿಟ್ರು. ಸಿಗಲಿಲ್ಲ ಅಂದ್ರ ಸಿಗಲಿಲ್ಲ ಅಂತ ಪಾಸ್ ಬರದ್ರು. ಬ್ಯಾರೆ ಕಡೆ ದಡಿ ಬ್ಯಾಡ, ಹೊಳಿದಂಡಿ ಮಾಲಿಗೆ ಮಾತ್ರ ಇರಲೇಬೇಕು ಅಂತ ಕೆಳಗ ಒಂದು ಸಾಲು ಸೇರಿಸಿದ್ರು.

ದೊಡ್ಡಪ್ಪ ಅಜ್ಜಾರ ಮುಂದ ಬಂದು ನೆಟ್ಟಗ ನಿಂತು ಸೆಲ್ಯೂಟ್ ಹೊಡದು, ಹೊಳಿದಂಡಿ ಆರ್ಡರಿಗೆ ದಡಿ ಬೇಕಂತ್ರಿ ಅಂದ್ರು.

ಅಜ್ಜಾರು ನಗಲಿಲ್ಲ. ಬೆರಳ ಮಡಚಿ ಲೆಕ್ಕಾ ಹಾಕಿ ಕೇಳಿದ್ರು, "ಆತ್ರಿ. ಸೆರಗು ಎಷ್ಟ ಮೊಳ ಬಿಡೂನ್ರಿ?"