ಕೂಗುವ ಕುಕ್ಕರ್, ಜಾರುವ ಕೋಣ

ಪುತ್ತೂರಿನ ನನ್ನ ಕಂಪ್ಯೂಟರ್ ಅಂಗಡಿಗೆ ಯಾರಾದರೂ ಹಳೇ ಸಿ.ಡಿ. ಹಿಡಿದುಕೊಂಡು ಬಂದರೆ ಆ ದಿನ ನಗು ಗ್ಯಾರಂಟಿ. ಚಿತ್ರ, ಧ್ವನಿ, ಆಟ ತುಂಬಿದ ಆ ಕಾಲದ ಪ್ರೋಗ್ರಾಂಗಳು ಈಗಿನ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಮೂಲ ಕೋಡ್ ಕಳೆದುಹೋಗಿರುತ್ತದೆ. ತಯಾರಾದ ಫೈಲನ್ನೇ ಬಿಚ್ಚಿ ಕೋಡ್ ಹೊರಗೆ ತೆಗೆಯುವುದು ನನ್ನ ಕೆಲಸ. ಸಾಂಬಾರಿನ ರುಚಿ ನೋಡಿ ಮಸಾಲೆ ಎಂತೆಂತದು ಎಂದು ಹೇಳಿದ ಹಾಗೆ.

ಕುಕ್ಕರ್

ಸುಳ್ಯದ ನಿವೃತ್ತ ಟೀಚರೊಬ್ಬರು ಹಿಂದೆ ಮಕ್ಕಳಿಗೆ ಅರೆಭಾಷೆ ಕಲಿಸುವ ಸಿ.ಡಿ. ಮಾಡಿದ್ದರು. ಪ್ರಾಣಿಯ ಚಿತ್ರ ಒತ್ತಿದರೆ ಅವರದೇ ಧ್ವನಿ ಹೆಸರು ಹೇಳುತ್ತಿತ್ತು. ಕೋಡ್ ಪೂರ್ತಿ ಸಿಕ್ಕಿತು. ಜೊತೆಗೆ ಎಲ್ಲೂ ಬಳಸದ ಒಂದು ಧ್ವನಿಯೂ ಸಿಕ್ಕಿತು. ಹಾಕಿ ಕೇಳಿದರೆ ಕುಕ್ಕರಿನ ಕೂಗು, ಹಿಂದೆಯೇ ಟೀಚರ ಗರ್ಜನೆ: "ಮಾರಾಯ್ರೆ, ಆ ಕುಕ್ಕರ್ ಇಳಿಸಿ! ಇಲ್ಲಿ ರೆಕಾರ್ಡಿಂಗ್ ಆಗ್ತಾ ಉಂಟು!"

"ಅಯ್ಯೋ, ಅದನ್ನು ತೆಗೆದುಬಿಡಿ" ಎಂದರು ಟೀಚರ್, ನಾಚಿಕೊಂಡು.

"ಬೇಡ ಬೇಡ" ಎಂದರು ಪಕ್ಕದಲ್ಲಿದ್ದ ಅವರ ಯಜಮಾನರು. "ಅದನ್ನು ಹುಲಿಯ ಚಿತ್ರಕ್ಕೆ ಹಾಕಿ."

ಕೋಣ

ಕೋಡಿಂಬಾಳದ ಅಣ್ಣ-ತಮ್ಮ ಒಟ್ಟಿಗೆ ಬಂದರು. ಅಣ್ಣ ಕಾಲೇಜಿನಲ್ಲಿರುವಾಗ ಕಂಬಳದ ಆಟವೊಂದನ್ನು ಮಾಡಿದ್ದರಂತೆ. ತಮ್ಮ ಎಷ್ಟು ಸಲ ಆಡಿದರೂ ಅವರ ಕೋಣ ಕೊನೆಗೆ ಜಾರಿ ಬೀಳುತ್ತಿತ್ತು. ಈಗ ಮನೆಯ ಮಕ್ಕಳಿಗೆ ಆ ಆಟ ಬೇಕು.

"ಈಗಲೂ ನಾನೇ ಗೆಲ್ಲುದು" ಎಂದು ಅಣ್ಣ ಮೀಸೆ ತಿರುವಿದರು.

ನಾನು ಕೋಡ್ ಬಿಡಿಸಿ ಗಟ್ಟಿಯಾಗಿ ಓದುತ್ತಾ ಹೋದೆ. ಒಂದು ಕಡೆ ಬಂತು: ಆಡುವವನ ಹೆಸರು ತಮ್ಮನದ್ದಾದರೆ ಕೋಣ ಜಾರಬೇಕು!

ಅಣ್ಣ ಫ್ಯಾನ್ ನೋಡತೊಡಗಿದರು. ತಮ್ಮ ಎದ್ದು ನಿಂತು ಹೇಳಿದರು, "ಅಕ್ಕ, ಆ ಸಾಲು ಅಳಿಸಬೇಡಿ. ಹೆಸರು ಮಾತ್ರ ಬದಲಿಸಿ."

ಪಾಸ್‌ವರ್ಡ್

ಉಪ್ಪಿನಂಗಡಿಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಕಾಕ ತಮ್ಮದೇ ಮದುವೆಯ ಸಿ.ಡಿ. ಆಲ್ಬಂ ತಂದರು. ಗಲ್ಫಿಗೆ ಹೋಗುವ ಮೊದಲು ಸೋದರಳಿಯ ಮಾಡಿಕೊಟ್ಟದ್ದು. ತೀರಿಹೋದ ಉಮ್ಮನ, ಅಂದರೆ ಅವರ ತಾಯಿಯ, ಧ್ವನಿ ಇರುವುದು ಅದರಲ್ಲಿ ಮಾತ್ರ. ಈಗ ಮಗಳ ಮದುವೆ. ಅಜ್ಜಿಯ ಆಶೀರ್ವಾದದ ದುವಾ ಅವಳಿಗೆ ಕೇಳಿಸಬೇಕು. ಆದರೆ ಆಲ್ಬಂ ಪಾಸ್‌ವರ್ಡ್ ಕೇಳುತ್ತದೆ.

"ಆ ಸೋದರಳಿಯನಿಗೆ ಫೋನ್ ಮಾಡಿದಾಗಲೆಲ್ಲ 'ಮರೆತುಹೋಯಿತು' ಅಂತಾನೆ. ಬೈದು ಫೋನ್ ಇಡ್ತೇನೆ" ಎಂದರು ಕಾಕ.

ಹಟ ಹಿಡಿದು ಕೂತು ಕೋಡ್ ಹೊರಗೆ ತೆಗೆದೆ. ಪಾಸ್‌ವರ್ಡ್ ಅಲ್ಲೇ ಇತ್ತು, ಇಂಗ್ಲಿಷ್ ಅಕ್ಷರಗಳಲ್ಲಿ: ಮರೆತುಹೋಯಿತು.

ಟೈಪ್ ಮಾಡಿದೆ. ಉಮ್ಮ ಪರದೆಯ ಮೇಲೆ ಬಂದು, ಎರಡೂ ಕೈ ಎತ್ತಿ, ದುವಾ ಮಾಡಿದರು. ಕಾಕ ಕಣ್ಣೊರೆಸಿಕೊಂಡು ಅಲ್ಲಿಂದಲೇ ಗಲ್ಫಿಗೆ ಫೋನ್ ಹಚ್ಚಿದರು.

"ಅದೇ ಪಾಸ್‌ವರ್ಡ್ ಅಂತ ನಿನಗೆ ಹೇಳಲಿಕ್ಕೆ ಎಂತ?"

ಸ್ಪೀಕರಿನಲ್ಲಿ ಅಳಿಯನ ಧ್ವನಿ ಅಂಗಡಿಯಿಡೀ ಕೇಳಿತು: "ಪ್ರತಿ ಸಲ ಅದನ್ನೇ ಹೇಳಿದ್ದು ಮಾಮ! 'ಟೈಪ್ ಮಾಡಿ' ಅನ್ನುವುದರೊಳಗೆ ನೀವು ಬೈದು ಫೋನ್ ಇಡುದು!"