ಐದು ಪಾಠದ ಹಾಳೆ

ಎಲ್ಲದಕ್ಕೂ ಕಾರಣ ಒಂದು ಹಾಳೆ. ಮೊದಲ ವರ್ಷದ ಮಕ್ಕಳು ಜೀವಶಾಸ್ತ್ರದಲ್ಲಿ ಏನೇನು ಕಲಿಯಬೇಕೆಂದು ಬರೆದು ನಾಲ್ಕು ಗಂಟೆಯೊಳಗೆ ಕೊಡಿ ಎಂದಿದ್ದರು ಪ್ರಿನ್ಸಿಪಾಲರು. ಈರುಳ್ಳಿ ಮೇಷ್ಟ್ರು ಐದೇ ಐದು ಸಾಲು ಬರೆದರು: ಜೀವಕೋಶ, ಆನುವಂಶಿಕತೆ, ವಿಕಾಸ, ಪರಿಸರ, ಕಣ್ಣಾರೆ ನೋಡಿ ತಿಳಿಯುವುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಕೈಯಾರೆ ಈರುಳ್ಳಿ ಪೊರೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂಬುದು ಅವರ ಬಹುದಿನದ ಆಸೆ. ಆ ಹೆಸರು ಬಿದ್ದದ್ದೂ ಅದರಿಂದಲೇ. ಪಾಠ ಐದಾದರೆ ಮಾತ್ರ ಅದಕ್ಕೆ ಪುರುಸೊತ್ತು.

ಆದರೆ ಆ ಕಾಲೇಜಿನಲ್ಲಿ ಯಾವ ಹಾಳೆಯಾದರೂ ಮೊದಲು ಸ್ಟಾಫ್ ರೂಮ್ ಸುತ್ತಬೇಕು. ಸೇರಿಸುವವರು ಪೆನ್ಸಿಲಿನಲ್ಲಿ ಸೇರಿಸಿ, ಪಕ್ಕದಲ್ಲಿ ಚಿಕ್ಕದೊಂದು ಸಹಿ ಹಾಕಬೇಕು.

"ಎಲೆ ಸುದ್ದೀನೇ ಇಲ್ವಲ್ರೀ! ಪಾಪ, ಗಿಡ ನಿಮಗೇನು ಮಾಡಿತ್ತು?" ಎನ್ನುತ್ತ ಸಸ್ಯಶಾಸ್ತ್ರದ ಮೇಡಂ ಎಲೆಯ ಹದಿನಾರು ಆಕಾರ ಬರೆದರು.

"ಎಲೆಗೆ ಹದಿನಾರು, ನನ್ನ ಕಪ್ಪೆಗೆ ಸೊನ್ನೆಯಾ?" ಪ್ರಾಣಿಶಾಸ್ತ್ರದ ಮೇಷ್ಟ್ರು ಕಪ್ಪೆಯನ್ನು ಮೂಗಿನಿಂದ ಕಾಲ್ಬೆರಳವರೆಗೆ ಸಾಲಾಗಿ ಇಳಿಸಿದರು.

ಲೈಬ್ರೇರಿಯನ್ ಕೂಡ ಪೆನ್ಸಿಲ್ ಚೂಪು ಮಾಡಿಕೊಂಡು ಬಂದ. "ಗೆದ್ದಲು ಇರ್ಲಿ ಸಾರ್. ನನ್ನ ಪುಸ್ತಕ ತಿಂದೋರು ಯಾರು ಅಂತ ಮಕ್ಕಳಿಗೂ ಗೊತ್ತಾಗ್ಲಿ."

ಮಧ್ಯಾಹ್ನಕ್ಕೆ ಹಾಳೆ ಒಂಬತ್ತಾಯಿತು, ಪಾಠ ಅರವತ್ತಮೂರು. ಅಜ್ಜಿಕತೆಯ ರಾಕ್ಷಸ ಉಂಡಷ್ಟೂ ಊದಿಕೊಂಡ ಹಾಗೆ.

ಮೇಷ್ಟ್ರಿಗೆ ತಲೆ ಧಿಮ್ಮೆಂದಿತು. ಆಮೇಲೆ ಮೆಲ್ಲಗೆ ನಗು ಬಂತು. ಮೊದಲ ಹಾಳೆಯ ನೆತ್ತಿಯ ಮೇಲೆ ಇಂಕಿನಲ್ಲಿ ದಪ್ಪಗೆ ಬರೆದರು: 'ಇದರಲ್ಲಿ ಯಾರ ಸಹಿ ಇದೆಯೋ ಅವರೇ ಪಾಠ ಮಾಡತಕ್ಕದ್ದು.' ಕೆಳಗೆ ತಮ್ಮ ಉದ್ದನೆಯ ಸಹಿ ಎಳೆದು, ಹಾಳೆಗಳನ್ನು ಇನ್ನೊಂದು ಸುತ್ತು ಬಿಟ್ಟು ಲ್ಯಾಬಿಗೆ ಹೋದರು.

ಮೂರೂಮುಕ್ಕಾಲಿಗೆ ಬಂದು ನೋಡಿದರೆ ಮೇಜಿನ ತುಂಬ ರಬ್ಬರಿನ ಪುಡಿ! ಹಾಳೆಗಳನ್ನು ಯಾರೋ ಕವರಿಗೆ ಹಾಕಿ ಅಂಟಿಸಿಯೂ ಇಟ್ಟಿದ್ದರು.

"ಅಳಿಸಿಬಿಟ್ರಾ ಮೇಡಂ?"

"ಅಳಿಸದೆ ಇನ್ನೇನ್ರೀ? ನನಗೇನು ಬೇರೆ ಕೆಲಸ ಇಲ್ವಾ?"

ಕವರು ದಪ್ಪಗಿತ್ತು. ಖಾಲಿ ಹಾಳೆಗಳೂ ಸೇರಿರಬೇಕು ಎಂದುಕೊಂಡು ಮೇಷ್ಟ್ರು ಕುಣಿಯುತ್ತಲೇ ಹೋಗಿ ಕೊಟ್ಟರು.

ಪ್ರಿನ್ಸಿಪಾಲರು ಹಾಳೆ ತಿರುವಿದರು, ತಿರುವುತ್ತಲೇ ಇದ್ದರು. "ಭೇಷ್! ಎಲೆ, ಕಪ್ಪೆ, ಗೆದ್ದಲು... ಅರವತ್ತಮೂರು ಪಾಠ!"

"ಅವೆಲ್ಲ ಬೇರೆಯವರದು ಸಾರ್!"

"ಎಲ್ರೀ? ಬೇರೆ ಒಬ್ಬರದೂ ಸಹಿ ಇಲ್ಲ. ಇರೋದು ನಿಮ್ಮದೊಂದೇ, ಅದೂ ಇಂಕಿನಲ್ಲಿ. ಸಹಿ ಹಾಕಿದೋರೇ ಪಾಠ ಮಾಡಬೇಕು ಅಂತ ನೀವೇ ಬರೆದಿದ್ದೀರಲ್ಲ. ಮಾಡಿ, ಮಾಡಿ."

ಆ ದಿನ ಈರುಳ್ಳಿ ಮುಟ್ಟದೆಯೇ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಹೊರಗೆ ಲೈಬ್ರೇರಿಯನ್ ಕಾಯುತ್ತಿದ್ದ.

"ಸಾರ್, ಗೆದ್ದಲಿನ ಪಾಠ ಸೋಮವಾರ ಇಟ್ಕೊಳ್ಳಿ. ನಾನೂ ಬಂದು ಕೂತ್ಕೋತೀನಿ."